ಮೇಜು ನೋಡುತ್ತಾ ಸರಿ ಉತ್ತರ ಹೇಳಿದವಳು: ಗಿಣಿಗೇರಿಯ ಒಂದು ಸಂದರ್ಶನದ ಪ್ರಕರಣ ಅಧ್ಯಯನ

"ವಿಷಯ ಗೊತ್ತಿದೆ. ಆತ್ಮವಿಶ್ವಾಸ ಸಾಲದು. ಶಿಫಾರಸು ಇಲ್ಲ."

ಕೊಪ್ಪಳ ಜಿಲ್ಲೆಯ ಗಿಣಿಗೇರಿ ಭಾಗದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣಾ ವಿಭಾಗದ ತರಬೇತಿ ಹುದ್ದೆಗೆ ಸಂದರ್ಶನ ಕೊಟ್ಟ ಹುಡುಗಿಯೊಬ್ಬಳ ಅಂಕಪಟ್ಟಿಯ ಕೆಳಗೆ ಬರೆದಿದ್ದ ಷರಾ ಇದು. ತಾಂತ್ರಿಕ ಪ್ರಶ್ನೆಗಳಲ್ಲಿ ಆಕೆಗೆ ಸಿಕ್ಕ ಅಂಕ ಅಂದು ಬಂದಿದ್ದ ಬಹುತೇಕರಿಗಿಂತ ಹೆಚ್ಚಿತ್ತು. ಕೆಲಸ ಸಿಗಲಿಲ್ಲ.

ಡಿಪ್ಲೊಮಾ, ಐಟಿಐ ಮುಗಿಸಿದ ಮಕ್ಕಳನ್ನು ಸಂದರ್ಶನಕ್ಕೆ ಸಿದ್ಧಪಡಿಸುವುದು ನನ್ನ ಕೆಲಸ. ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಿಂದ ಬಂದ ಮಕ್ಕಳ ಬಗ್ಗೆ ಈ ಷರಾವನ್ನು ಮತ್ತೆ ಮತ್ತೆ ಕೇಳಿದ್ದೇನೆ. ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಲು ಕಾರಣವಿದೆ. ಇಲ್ಲಿ ಎರಡೂ ಕಡೆಯವರ ಮಾತು ನನಗೆ ಸಿಕ್ಕಿತು. ಹುಡುಗಿ ಅದೇ ಸಂಜೆ ನೆನಪಿದ್ದಷ್ಟನ್ನೂ ಹೇಳಿದಳು. ಸಂದರ್ಶನ ಸಮಿತಿಯಲ್ಲಿದ್ದ ಹಿರಿಯ ಎಂಜಿನಿಯರೊಬ್ಬರು ಕೆಲವು ವಾರಗಳ ನಂತರ ಮನಸ್ಸು ಬಿಚ್ಚಿ ಮಾತನಾಡಿದರು. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಹೆಸರು, ಹಳ್ಳಿ, ಕಾರ್ಖಾನೆ ಯಾವುದನ್ನೂ ಇಲ್ಲಿ ಹೇಳಿಲ್ಲ.

ಹುಡುಗಿ ಮತ್ತು ಹುದ್ದೆ

ಆಕೆ ಕಾರಟಗಿ ಸೀಮೆಯವಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನೆಲ ಅದು. ತಂದೆ ಬೇರೆಯವರ ಗದ್ದೆಯನ್ನು ಪಾಲಿಗೆ ಮಾಡುತ್ತಾರೆ. ಸೋದರಮಾವನಿಗೆ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಶಾಲೆಯ ರಜೆಗಳನ್ನೆಲ್ಲ ಆಕೆ ಕಳೆದದ್ದು ಆ ಅಂಗಡಿಯಲ್ಲಿ. ಸುಟ್ಟ ತಂತಿ ಕಿತ್ತು ಸುತ್ತು ಎಣಿಸುವುದು, ಸ್ಲಾಟ್‌ಗಳಿಗೆ ಕಾಗದ ಕೂಡಿಸುವುದು, ಹೊಸ ಸುರುಳಿ ಇಳಿಸಿ ವಾರ್ನಿಷ್ ಹೊಡೆಯುವುದು, ಕೊನೆಗೆ ಕರೆಂಟು ಎಲ್ಲೂ ಸೋರುತ್ತಿಲ್ಲವೆಂದು ಮೆಗ್ಗರ್ ಹಚ್ಚಿ ನೋಡುವುದು, ಇವೆಲ್ಲ ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೆ ಸೇರುವ ಮೊದಲೇ ಕೈಗೆ ಹತ್ತಿದ್ದವು. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕಗಳೂ ಬಂದವು.

ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ರಾಜ್ಯ ಸರ್ಕಾರದ ನೌಕರಿಯಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಕೇಂದ್ರ ಸರ್ಕಾರ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿದೆ. ಆ ಹುದ್ದೆಗಳಿಗೆ ಲಿಖಿತ ಪರೀಕ್ಷೆ, ಕೆಲವಕ್ಕೆ ಕೌಶಲ ಪರೀಕ್ಷೆಯನ್ನೂ ಗೆದ್ದರೆ ಸಾಕು. ಆದರೆ ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಎರಡೂ ಬದಿಗೆ ಎದ್ದಿರುವ ಸ್ಪಾಂಜ್ ಐರನ್, ಬೀಡುಕಬ್ಬಿಣ, ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸ ಬೇಕೆಂದರೆ ಸಂದರ್ಶನದಲ್ಲಿ ಕೂರಲೇಬೇಕು. ಇಪ್ಪತ್ತು ನಿಮಿಷದ ಆ ಮಾತುಕತೆಯ ಮೇಲೆ ಒಂದು ಮನೆಯ ಹತ್ತಾರು ವರ್ಷಗಳ ಬದುಕು ನಿಲ್ಲುತ್ತದೆ. ಅದಕ್ಕೇ ಅದರಲ್ಲಿ ಏನು ನಡೆಯುತ್ತದೆ ಎಂಬುದನ್ನು ಗಂಭೀರವಾಗಿ ನೋಡಬೇಕು ಎನ್ನುತ್ತೇನೆ.

ಕೊಠಡಿಯಲ್ಲಿ ನಡೆದದ್ದು

ಬೆಳಗಿನ ಬಸ್ಸಿನಲ್ಲಿ ಗಂಗಾವತಿವರೆಗೆ ನಿಂತುಕೊಂಡೇ ಬಂದಿದ್ದಳು. ತಡವಾದೀತೆಂಬ ಆತಂಕದಲ್ಲಿ ಏನೂ ತಿಂದಿರಲಿಲ್ಲ. ಸರದಿ ಬಂದಾಗ ಮಧ್ಯಾಹ್ನವಾಗಿತ್ತು.

ಒಳಗೆ ಮೂವರಿದ್ದರು: ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿ, ಹೊರ ರಾಜ್ಯದಿಂದ ಬಂದ ಒಬ್ಬ ವ್ಯವಸ್ಥಾಪಕರು, ಆಮೇಲೆ ನನ್ನೊಡನೆ ಮಾತನಾಡಿದ ಎಂಜಿನಿಯರು. ಹುಡುಗಿ ಬಾಗಿಲಲ್ಲಿ ನಿಂತು ಕೈಮುಗಿದಳು. ಕೂರಲು ಹೇಳುವವರೆಗೆ ನಿಂತಿದ್ದಳು. ಕೂತದ್ದು ಕುರ್ಚಿಯ ತುದಿಯಲ್ಲಿ. ಹೆಗಲ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಫೈಲು ಇಟ್ಟು, ಎರಡನ್ನೂ ಎರಡು ಕೈಯಿಂದ ಅವುಚಿ ಹಿಡಿದಳು. ಬೆರಳಿಗೆ ವೇಲಿನ ಅಂಚು ಸಿಕ್ಕಿತು. ಮುಂದಿನ ಇಪ್ಪತ್ತು ನಿಮಿಷ ಆ ಅಂಚು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇತ್ತು.

ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬಂದವು, ನಡುನಡುವೆ ಹಿಂದಿಯಲ್ಲಿ. ದೊಡ್ಡ ಮೋಟರನ್ನು ಮೊದಲು ಸ್ಟಾರ್ ಎಂಬ ಜೋಡಣೆಯಲ್ಲಿ ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ, ವೇಗ ಬಂದ ಮೇಲೆ ಡೆಲ್ಟಾ ಎಂಬ ಜೋಡಣೆಗೆ ಬದಲಿಸುತ್ತಾರೆ. ಎಂಜಿನಿಯರು ಕೇಳಿದ್ದು ಇದು: ಮೋಟರ್ ಸ್ಟಾರ್‌ನಲ್ಲಿ ಸರಿಯಾಗಿ ತಿರುಗುತ್ತದೆ, ಡೆಲ್ಟಾಕ್ಕೆ ಬಿದ್ದ ಕೂಡಲೇ ಟ್ರಿಪ್ ಆಗುತ್ತದೆ, ಮೊದಲು ಎಲ್ಲಿ ನೋಡುತ್ತೀರಿ? ಹುಡುಗಿ ಮೇಜಿನ ಗಾಜನ್ನು ನೋಡುತ್ತಾ ಉತ್ತರ ಕೊಟ್ಟಳು. ಟೈಮರ್ ಬೇಗ ಬೀಳುವಂತೆ ಇಟ್ಟಿರಬಹುದು, ಮೋಟರ್ ವೇಗಕ್ಕೆ ಬರುವ ಮೊದಲೇ ಬದಲಾಗುತ್ತಿರಬಹುದು. ಡೆಲ್ಟಾ ಕಾಂಟ್ಯಾಕ್ಟರಿನ ಒಂದು ಪಾಯಿಂಟು ಸುಟ್ಟು ಒಂದು ಫೇಸ್ ಸಿಗದೇ ಇರಬಹುದು. ಸುರುಳಿಯ ತುದಿಗಳನ್ನು ಅದಲು ಬದಲು ಕಟ್ಟಿರಬಹುದು. ಕರೆಂಟು ಮಿತಿ ಮೀರಿದರೆ ಮೋಟರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಎಷ್ಟಕ್ಕೆ ಇಟ್ಟಿದೆ ಎಂದೂ ನೋಡಬೇಕು. ಒಂದೂ ತಪ್ಪಿಲ್ಲ. ಅಂಗಡಿಯಲ್ಲಿ ಕಣ್ಣಾರೆ ಕಂಡವರಿಗೆ ಮಾತ್ರ ಈ ಕ್ರಮದಲ್ಲಿ ಹೇಳಲು ಬರುತ್ತದೆ.

ಆದರೆ ಅದನ್ನು ಹೇಳಿದ ಬಗೆ ಬೇರೆ. ಪ್ರತಿ ವಾಕ್ಯವೂ ಗಟ್ಟಿಯಾಗಿ ಶುರುವಾಗಿ ಕೊನೆಗೆ ಗಂಟಲಲ್ಲೇ ಇಂಗಿಹೋಗುತ್ತಿತ್ತು. ಇಂಗ್ಲಿಷ್ ಪದಕ್ಕಾಗಿ ತಡಕಾಡುವಾಗ ಕತ್ತು ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಬೆರಳು ಸಣ್ಣಗೆ ನಡುಗುತ್ತಿದ್ದವು. ನಡುವೆ ವಿಭಾಗದ ಮುಖ್ಯಸ್ಥರು ಕಾಗದವೊಂದಕ್ಕೆ ಸಹಿ ಕೇಳಿಕೊಂಡು ಒಳಗೆ ಬಂದರು. ತಲೆ ನರೆತ ಹಿರಿಯರು. ಹುಡುಗಿ ಮಾತು ನಿಲ್ಲಿಸಿ ಎದ್ದು ನಿಂತಳು. ಅವರು ಹೋಗುವವರೆಗೆ ಕೂರಲಿಲ್ಲ.

ಎದ್ದು ನಿಂತ ಆ ಅರ್ಧ ನಿಮಿಷವನ್ನು ಸಮಿತಿಯವರು ಓದಿದ ರೀತಿ ಈ ಪ್ರಕರಣದ ತಿರುಳು. ಮಾನವ ಸಂಪನ್ಮೂಲದ ಅಧಿಕಾರಿ ಅದನ್ನು ಗಾಬರಿ ಎಂದು ಬರೆದುಕೊಂಡರು. ಯಾದಗಿರಿ ಕಡೆಯ ಹಳ್ಳಿಯಲ್ಲಿ ಬೆಳೆದ ಎಂಜಿನಿಯರಿಗೆ ಅದು ಮನೆಯಲ್ಲಿ ಕಲಿಸಿದ ಮರ್ಯಾದೆ ಎಂದು ಗೊತ್ತಾಯಿತು. ಮೂರನೆಯವರು ಗಮನಿಸಲೇ ಇಲ್ಲ. ಒಂದೇ ನಡೆ, ಮೂರು ಓದು. ಷರಾ ಬರೆದವರು ಮೊದಲನೆಯವರು.

ಹಳ್ಳಿಯ ಮೈ, ಕಚೇರಿಯ ಕಣ್ಣು

ಹಿರಿಯರು ಬಂದರೆ ಏಳಬೇಕು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ದೊಡ್ಡವರ ಮುಖಕ್ಕೆ ಮುಖ ಕೊಟ್ಟು ನಿಂತರೆ ಎದುರಾಡಿದ ಹಾಗೆ, ಹೆಣ್ಣುಮಕ್ಕಳ ದನಿ ಜಗಲಿಯಾಚೆ ಕೇಳಬಾರದು. ಈ ಪಾಠಗಳು ನಮ್ಮ ಮಕ್ಕಳ ಮೈಯಲ್ಲಿ ಇಪ್ಪತ್ತು ವರ್ಷ ಇಳಿದಿರುತ್ತವೆ. ಇವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಅಲ್ಲ. ಕೊನೆಯದಂತೂ ಹೋಗಲೇಬೇಕು. ಆದರೆ ಯಾವುದೂ ಅಂಜುಬುರುಕುತನದ ಗುರುತಲ್ಲ. ಹೊಲದಲ್ಲಿ ರಾತ್ರಿ ಹಾವಿನ ನಡುವೆ ನೀರು ಹಾಯಿಸಲು ಅಪ್ಪನಿಗೆ ಬ್ಯಾಟರಿ ಹಿಡಿದು ನಡೆದ ಹುಡುಗಿಗೆ ಧೈರ್ಯವಿಲ್ಲ ಎಂದು ಮೇಜಿನ ಈಚೆ ಕೂತು ಬರೆಯುವುದು ಅನ್ಯಾಯ.

ಕಣ್ಣು ತಪ್ಪಿಸಿದರೆ ಸುಳ್ಳು ಹೇಳುತ್ತಿದ್ದಾರೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. 2006ರಲ್ಲಿ ಪ್ರಕಟವಾದ, 75 ದೇಶಗಳನ್ನು ಒಳಗೊಂಡ ಒಂದು ಸಮೀಕ್ಷೆಯಲ್ಲಿ ಸುಳ್ಳುಗಾರರ ಗುರುತೇನು ಎಂದಾಗ ಜನ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಇದನ್ನೇ. ಆದರೆ ಬೆಲ್ಲಾ ಡಿಪೌಲೊ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ನೋಡಿದಾಗ ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಇನ್ನೊಂದು ಕೆಲಸ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದೇನೆಂದರೆ, ಪ್ರಶ್ನೆ ಕಠಿಣವಾದಷ್ಟೂ ಜನ ಎದುರಿನವರಿಂದ ಕಣ್ಣು ಹೊರಳಿಸುತ್ತಾರೆ, ಹಾಗೆ ಹೊರಳಿಸಿದಾಗ ನೆನಪು ಮಾಡಿಕೊಳ್ಳಲು ಅನುಕೂಲವೇ ಆಗುತ್ತದೆ. ಎದುರಿನ ಮುಖವನ್ನು ಓದುವುದೂ ತಲೆಗೆ ಒಂದು ಕೆಲಸ. ಅದನ್ನು ಬದಿಗಿಟ್ಟಾಗ ಉಳಿದ ಶಕ್ತಿ ಉತ್ತರಕ್ಕೆ ಸಿಗುತ್ತದೆ. ನಮ್ಮ ಹುಡುಗಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಮೇಜಿನ ಗಾಜನ್ನು ನೋಡದೆ ಮತ್ತೇನು ನೋಡಬೇಕಿತ್ತು?

ಇಷ್ಟು ಹೇಳಿ ತಪ್ಪೆಲ್ಲ ಸಮಿತಿಯದೇ ಎಂದು ಮುಗಿಸಲು ನಾನು ಸಿದ್ಧನಿಲ್ಲ. ಎಂಜಿನಿಯರು ಹೇಳಿದ ಒಂದು ಮಾತು ಹಾಗೆ ಮುಗಿಸಲು ಬಿಡುವುದಿಲ್ಲ.

"ಕಣ್ಣು ನೋಡದಿದ್ದರೆ ನನಗೇನೂ ಆಗಬೇಕಿಲ್ಲ ಸರ್. ರಾತ್ರಿ ಪಾಳಿಯಲ್ಲಿ ಮೋಟರಿನ ಹತ್ತಿರ ಒಬ್ಬ ಫಿಟ್ಟರ್ ಕೈ ಹಾಕಿಕೊಂಡು ನಿಂತಿರುತ್ತಾನೆ. ಫೀಡರ್ ಆಫ್ ಆಗಿದೆಯಾ ಎಂದು ಕೂಗಿ ಕೇಳುತ್ತಾನೆ. ಈಕೆ ಹೇಳುವ ಉತ್ತರದ ಕೊನೆ ಅವನಿಗೆ ಕೇಳಿಸದಿದ್ದರೆ?"

ಫೀಡರ್ ಎಂದರೆ ಮೋಟರಿಗೆ ವಿದ್ಯುತ್ ತರುವ ಲೈನು. ಅವರ ಈ ಆತಂಕ ನಿಜವಾದದ್ದು. ಕನ್ನಡದಲ್ಲಿ ಹೌದು–ಅಲ್ಲಗಳ ತೀರ್ಮಾನ ವಾಕ್ಯದ ಬಾಲದಲ್ಲಿರುತ್ತದೆ. "ಫೀಡರ್ ಆಫ್ ಆಗಿದೆ", "ಫೀಡರ್ ಆಫ್ ಆಗಿಲ್ಲ". ಕೊನೆಯ ಒಂದಕ್ಷರ ನುಂಗಿದರೆ ಎರಡೂ ಒಂದೇ. ಬ್ಲೋವರ್‌ಗಳ ಸದ್ದಿನಲ್ಲಿ ಆ ಒಂದಕ್ಷರಕ್ಕೆ ಒಂದು ಜೀವದ ಬೆಲೆ ಇದೆ. ಅಲ್ಲಿಗೆ ನನ್ನ ಕೆಲಸ ಖಚಿತವಾಯಿತು. ಆಕೆಯ ವಿನಯಕ್ಕೆ ಕೈ ಹಚ್ಚುವುದು ಬೇಡ. ಹುದ್ದೆ ಯಾವ ದನಿಯನ್ನು, ಯಾವ ನಿಲುವನ್ನು ಕೇಳುತ್ತದೆಯೋ ಅದನ್ನು ಮಾತ್ರ ಕಲಿಸಬೇಕು.

ಅಂಗಡಿಯಲ್ಲಿ ಕಂಡದ್ದು

ತರಗತಿಯಲ್ಲಿ ಅಣಕು ಸಂದರ್ಶನ ಮಾಡಿ ಮೊಬೈಲ್‌ನಲ್ಲಿ ಚಿತ್ರೀಕರಿಸಿದೆವು. ಮೊದಲು ದನಿ ತೆಗೆದು ನೋಡಿದೆವು. ಆಕೆ ಸ್ವಲ್ಪ ಹೊತ್ತು ನೋಡಿ, "ಸರ್, ಇದರಲ್ಲಿ ನಾನು ಬೈಸಿಕೊಳ್ಳುತ್ತಾ ಕೂತ ಹಾಗೆ ಕಾಣುತ್ತೇನೆ" ಎಂದಳು. ದನಿ ಹಾಕಿ ನೋಡಿದಾಗ ಅದೇ ಚಿತ್ರದಲ್ಲಿ ಸರಿಯಾದ ಉತ್ತರಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂತಾಲ್ 1993ರಲ್ಲಿ ಮಾಡಿದ ಅಧ್ಯಯನದಲ್ಲಿ, ದನಿಯಿಲ್ಲದ 30 ಸೆಕೆಂಡಿನ ತುಣುಕುಗಳನ್ನು ನೋಡಿದ ಅಪರಿಚಿತರು ಉಪನ್ಯಾಸಕರ ಬಗ್ಗೆ ಕೊಟ್ಟ ಅಂಕಗಳು, ಇಡೀ ಸೆಮಿಸ್ಟರ್ ಪಾಠ ಕೇಳಿದ ವಿದ್ಯಾರ್ಥಿಗಳ ಅಂಕಗಳಿಗೆ ಬಹಳ ಹತ್ತಿರ ಬಂದಿದ್ದವು. ನೋಟ ಎಷ್ಟು ಬೇಗ ತೀರ್ಪು ಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ತೀರ್ಪು ನ್ಯಾಯವೇ ಎಂಬುದು ಬೇರೆ ಪ್ರಶ್ನೆ.

ಆಮೇಲೆ ಆಕೆಯ ಮಾವನ ಅಂಗಡಿಗೆ ಹೋದೆ. ಆಕೆಯ ಕೈಕೆಲಸ ನೋಡಬೇಕೆಂದಿತ್ತು, ಅಷ್ಟೆ.

ಅಂಗಡಿಯ ಮುಂದೆ ಒಂದು ಮೋಟರಿನ ಮುಚ್ಚಳ ಬಿಚ್ಚಿ ಇಟ್ಟಿದ್ದರು. ರೈತರೊಬ್ಬರು, ಎಪ್ಪತ್ತರ ಹತ್ತಿರದವರು, ಹೆಗಲ ಮೇಲಿನ ಟವೆಲು ಕೊಡವುತ್ತಾ ಸಿಟ್ಟಿನಲ್ಲಿ ನಿಂತಿದ್ದರು. ಹಿಂದಿನ ಬಾರಿ ಇದೇ ಅಂಗಡಿಯಲ್ಲಿ ಕಟ್ಟಿಸಿದ ಮೋಟರ್, ಒಂದು ಹಂಗಾಮೂ ಬಾಳಲಿಲ್ಲ ಎಂಬುದು ಅವರ ತಕರಾರು. ಮಾವ ಊಟಕ್ಕೆ ಹೋಗಿದ್ದ. ಹುಡುಗಿ ಮೋಟರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಸುರುಳಿಯ ಮೇಲೆ ಬೆರಳಿಟ್ಟಳು. ಎರಡು ಫೇಸಿನ ಸುರುಳಿಗಳು ಇದ್ದಿಲಾಗಿದ್ದವು. ಮೂರನೆಯದು ಇನ್ನೂ ವಾರ್ನಿಷ್ ಹೊಳೆಯುತ್ತಿತ್ತು.

"ಅಜ್ಜಾ, ಇಲ್ಲಿ ನೋಡಿ. ಕಟ್ಟಿದ್ದು ಕೆಟ್ಟಿದ್ದರೆ ಒಂದು ಜಾಗದಲ್ಲಿ ಸುಡುತ್ತಿತ್ತು. ಇದು ಹಾಗಿಲ್ಲ. ಎರಡು ಪೂರ್ತಿ ಹೋಗಿವೆ, ಒಂದು ಹಾಗೇ ಇದೆ. ಲೈನಿನಲ್ಲಿ ಒಂದು ಫೇಸ್ ಹೋಗಿದ್ದಾಗ ಓಡಿಸಿದ್ದೀರಿ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿ ಎಂದು ಮಾವ ಆವಾಗಲೇ ಹೇಳಿದ್ದರು. ಹಾಕಿಸಲಿಲ್ಲ."

ಹೇಳುವಾಗ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿದ್ದಳು. "ಹಾಕಿಸಲಿಲ್ಲ" ಎಂಬುದರ ಕೊನೆಯ ಅಕ್ಷರ ರಸ್ತೆಯ ಆಚೆಯ ಅಂಗಡಿಗೂ ಕೇಳಿಸಿರಬೇಕು. ದನಿಯಲ್ಲಿ ಸೆಡವಿರಲಿಲ್ಲ. "ಅಜ್ಜಾ" ಎಂದು ಕರೆದದ್ದರಲ್ಲಿ ಮರ್ಯಾದೆಗೂ ಕೊರತೆ ಇರಲಿಲ್ಲ. ಅಜ್ಜ ಬಗ್ಗಿ ಸುರುಳಿ ನೋಡಿದರು, ಸಿಟ್ಟು ಇಳಿಯಿತು, ಪ್ರಿವೆಂಟರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸತೊಡಗಿದರು.

ಸಂದರ್ಶನದ ಸಮಿತಿ ಯಾವುದನ್ನು ಇಲ್ಲ ಎಂದಿತ್ತೋ ಅದು ಅಲ್ಲಿ ಪೂರ್ಣವಾಗಿ ಇತ್ತು. ಹಿರಿಯರ ಮುಂದೆ ನೇರ ನೋಟ, ತುದಿಯವರೆಗೆ ಗಟ್ಟಿ ದನಿ, ಮಾತಿಗೆ ಜೊತೆಯಾಗಿ ನಡೆಯುವ ಕೈ. ವ್ಯತ್ಯಾಸವಿದ್ದದ್ದು ಸನ್ನಿವೇಶದಲ್ಲಿ. ಅಂಗಡಿಯಲ್ಲಿ ಆಕೆ ತಿಳಿದವಳು, ಕೇಳುವವರಿಗೆ ಆಕೆಯಿಂದ ಏನೋ ಬೇಕಾಗಿದೆ. ಸಂದರ್ಶನದಲ್ಲಿ ಆಕೆ ಬೇಡುವವಳು. ಅಂಗಡಿಯಲ್ಲಿ ಕೈಗೆ ಮೋಟರ್ ಸಿಕ್ಕಿತ್ತು, ಅಲ್ಲಿ ಚೀಲ. ಇಲ್ಲಿ ಕನ್ನಡ, ಅಲ್ಲಿ ಪರೀಕ್ಷೆಗಷ್ಟೇ ಬಳಸಿದ ಇಂಗ್ಲಿಷ್.

ತಯಾರಿ

ನಮ್ಮ ಊರುಗಳಲ್ಲಿ ನಡೆಯುವ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಹಲಗೆಯ ಮೇಲೆ ಮೊದಲು ಬೀಳುವುದು 7, 38, 55 ಎಂಬ ಅಂಕಿಗಳು: ಮಾತಿಗೆ ಶೇ 7, ದನಿಗೆ ಶೇ 38, ಮೈಮುಖದ ಭಾವಕ್ಕೆ ಶೇ 55. ಈ ಲೆಕ್ಕದಿಂದ ಆಗಿರುವ ಹಾನಿ ದೊಡ್ಡದು. ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಿಂದ ಬಂದ ಅಂಕಿ ಇದು. ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಭಾವನೆ, ಒಲವುಗಳ ಮಾತಿಗೆ ಬಿಟ್ಟು ಬೇರೆಲ್ಲೂ ಇದನ್ನು ಹಚ್ಚಬಾರದೆಂದು ಅವರೇ ಹೇಳಿದ್ದಾರೆ. ಡೆಲ್ಟಾದಲ್ಲಿ ಯಾಕೆ ಟ್ರಿಪ್ ಆಗುತ್ತದೆ ಎಂಬ ಪ್ರಶ್ನೆಗೆ ಮೈಮುಖದಲ್ಲಿ ಶೇ 55 ಉತ್ತರ ಕೊಡಲು ಯಾರಿಂದ ಸಾಧ್ಯ? ಓದಿದ ಮಕ್ಕಳು ಈ ಅಂಕಿ ನೋಡಿ ತಮ್ಮ ಓದು ಶೇ 7ರಷ್ಟು ಎಂದು ಕುಗ್ಗುತ್ತಾರೆ. ಅದು ನನಗೆ ಸಹಿಸಲಾಗದ ವಿಷಯ.

ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತು ಒಳಗೆ ಹೋಗು ಎಂದು ಆಕೆಗೆ ಗೆಳತಿಯೊಬ್ಬಳು ವಿಡಿಯೊ ಕಳಿಸಿದ್ದಳು. ಆ ಸಲಹೆಯ ಮೂಲ 42 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ. 2015ರಲ್ಲಿ 200 ಜನರೊಡನೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನಿನಲ್ಲಾಗಲಿ ನಡವಳಿಕೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಮೂಲ ಅಧ್ಯಯನದ ಮೊದಲ ಲೇಖಕಿ ಡಾನಾ ಕಾರ್ನಿ 2016ರಲ್ಲಿ ಆ ಪರಿಣಾಮವನ್ನು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಇಷ್ಟನ್ನು ಆಕೆಗೆ ತಿಳಿಸಿ ಮುಂದಕ್ಕೆ ಹೋದೆವು.

ಬದಲಾಯಿಸಿದ್ದು ಸ್ವಲ್ಪ. ಚೀಲ ಕುರ್ಚಿಯ ಪಕ್ಕ ನೆಲದ ಮೇಲೆ, ಫೈಲು ಮೇಜಿನ ಮೇಲೆ. ಕೈ ಖಾಲಿಯಾದರೆ ಅದು ತಾನಾಗಿ ಮಾತಿನ ಜೊತೆ ಏಳುತ್ತದೆ. ಬೆನ್ನು ಕುರ್ಚಿಗೆ ತಾಗುವಂತೆ ಕೂರುವುದು, ಏಕೆಂದರೆ ತುದಿಯಲ್ಲಿ ಮುದುಡಿ ಕೂತವರಿಗೆ ಉಸಿರು ಪೂರ್ತಿ ಬರುವುದಿಲ್ಲ, ಉಸಿರು ಸಾಲದಿದ್ದರೆ ವಾಕ್ಯದ ಕೊನೆ ಸಾಯುತ್ತದೆ. ಕಣ್ಣಿನ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡೆವು: ಪ್ರಶ್ನೆ ಕೇಳುವಾಗ ಕೇಳಿದವರ ಮುಖ ನೋಡು, ಉತ್ತರದ ಕೊನೆಯ ಮಾತನ್ನು ಅವರ ಮುಖಕ್ಕೆ ಹೇಳು, ನಡುವೆ ಯೋಚಿಸುವಾಗ ಎಲ್ಲಿ ಬೇಕಾದರೂ ನೋಡು. ಇಡೀ ಹೊತ್ತು ದಿಟ್ಟಿಸಬೇಕು ಎಂಬ ಹೇರಿಕೆ ಹೋದ ಕೂಡಲೇ ಆಕೆಯ ಹೆಗಲು ಸಡಿಲವಾಯಿತು. ಮೂವರು ಕೂತಿದ್ದರೆ ಕೇಳಿದವರಿಗೆ ಮೊದಲು ಹೇಳಿ, ಕೊನೆಗೆ ಉಳಿದವರತ್ತಲೂ ಮುಖ ತಿರುಗಿಸಬೇಕು ಎಂಬುದನ್ನೂ ಸೇರಿಸಿದೆವು.

ವಾಕ್ಯದ ಬಾಲಕ್ಕೇ ಹೆಚ್ಚು ಸಮಯ ಹೋಯಿತು. ಇದನ್ನು ತರಗತಿಯಲ್ಲಿ ಮಾಡಿಸಲಿಲ್ಲ, ಅಂಗಡಿಯಲ್ಲೇ ಮಾಡಿಸಿದೆವು. ಗ್ರೈಂಡರ್ ಓಡುತ್ತಿರುವಾಗ ಮಾವ ಆಚೆ ತುದಿಯಲ್ಲಿ ನಿಂತು ಕೇಳುವುದು, ಈಕೆ ಪೂರ್ತಿ ವಾಕ್ಯದಲ್ಲಿ ಹೇಳುವುದು, ಕೇಳಿಸಿಕೊಂಡದ್ದನ್ನು ಮಾವ ತಿರುಗಿ ಹೇಳುವುದು. "ಎಂಸಿಬಿ ಇಳಿಸಿದ್ದೇನೆ." "ಇಳಿಸಿದ್ದೀಯ." "ಟೆಸ್ಟರ್ ಹಚ್ಚಿ ನೋಡಿಲ್ಲ." "ನೋಡಿಲ್ಲ." ಕಾರ್ಖಾನೆಗಳಲ್ಲಿ ಲೈನ್ ತೆಗೆಯುವಾಗ ನಡೆಯಬೇಕಾದ ಮಾತು ಇದೇ ಬಗೆಯದು. ಅಭ್ಯಾಸ ಸಂದರ್ಶನಕ್ಕೂ ಆಯಿತು, ಕೆಲಸಕ್ಕೂ ಆಯಿತು.

ಕೈಗಳಿಗೆ ಕೆಲಸ ಕೊಟ್ಟದ್ದು ಆಕೆಯೇ. ಸ್ಟಾರ್–ಡೆಲ್ಟಾ ಸ್ಟಾರ್ಟರನ್ನು ವಿವರಿಸುವಾಗ ಎಡಮುಷ್ಟಿ ಮುಚ್ಚಿ "ಇದು ಸ್ಟಾರ್" ಎಂದಳು. ಆಗ ಪ್ರತಿ ಸುರುಳಿಗೆ ಸಿಗುವುದು ಲೈನ್ ವೋಲ್ಟೇಜಿನ ಶೇ 58ರಷ್ಟು, ಲೈನಿನಿಂದ ಎಳೆಯುವ ಕರೆಂಟು ನೇರ ಡೆಲ್ಟಾದಲ್ಲಿ ಹಚ್ಚಿದಾಗಿನ ಮೂರನೇ ಒಂದು ಭಾಗ, ತಿರುಗಿಸುವ ಬಲವೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಂತರ ಎಡಮುಷ್ಟಿ ಬಿಚ್ಚಿದಳು. ಎರಡೂ ಕೈ ಒಂದು ಕ್ಷಣ ತೆರೆದೇ ಇದ್ದವು. ಆಮೇಲೆ ಬಲಮುಷ್ಟಿ ಮುಚ್ಚಿದಳು: "ಇದು ಡೆಲ್ಟಾ. ಎರಡೂ ಒಟ್ಟಿಗೆ ಮುಚ್ಚಿದರೆ ಮೂರೂ ಫೇಸ್ ಶಾರ್ಟ್. ಅದಕ್ಕೇ ನಡುವೆ ಈ ಬಿಡುವು, ಅದಕ್ಕೇ ಇಂಟರ್‌ಲಾಕ್." ವಿದ್ಯುತ್ತಿನ ಗಂಧವಿಲ್ಲದವರಿಗೂ ಅರ್ಥವಾಗುವಂತಿತ್ತು. ಇಂಥ ಹಸ್ತಾಭಿನಯವನ್ನು ಯಾವ ತರಬೇತುದಾರರೂ ಹೇಳಿಕೊಡಲಾರರು. ವಿಷಯ ಕೈಗೆ ಹತ್ತಿದವರಿಗೆ ಮಾತ್ರ ಅದು ಬರುತ್ತದೆ.

ಮುಟ್ಟದೆ ಬಿಟ್ಟದ್ದು ಹೆಚ್ಚು. ಕೈಮುಗಿಯುವುದು ಹಾಗೇ ಇರಲಿ ಎಂದೆ, ಎದುರಿನವರು ಕೈ ಚಾಚಿದರೆ ಮಾತ್ರ ಕುಲುಕಿದರಾಯಿತು. ಹೇಳುವವರೆಗೆ ಕೂರದಿರುವುದು, ಹಿರಿಯರು ಬಂದರೆ ಏಳುವುದು, ಇವೂ ಇರಲಿ. ಎದ್ದಾಗ ಮಾತು ತುಂಡಾಗದಂತೆ, ಕೂತ ಮೇಲೆ "ನಾನು ಟೈಮರಿನ ವಿಷಯ ಹೇಳುತ್ತಿದ್ದೆ" ಎಂದು ಬಿಟ್ಟಲ್ಲಿಂದ ಹಿಡಿಯುವುದನ್ನಷ್ಟೇ ಅಭ್ಯಾಸ ಮಾಡಿಸಿದೆ. ಹೊಟ್ಟೆಯ ವಿಷಯ ಬೇರೆಯೇ ಹೇಳಬೇಕಾಯಿತು: ಬಸ್ ನಿಲ್ದಾಣದಲ್ಲಿ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆಯನ್ನಾದರೂ ತಿಂದು ಹೋಗು. ಬೆರಳು ನಡುಗುವುದಕ್ಕೆ ಹಸಿವೂ ಕಾರಣ, ನೋಡುವವರು ಅದನ್ನು ಅಂಜಿಕೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಎರಡನೆಯ ಸಂದರ್ಶನ

ಕೆಲವು ತಿಂಗಳ ನಂತರ ಜಿಲ್ಲೆಯ ಇನ್ನೊಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಲೂ ಪ್ರಶ್ನೆ ಇಂಗ್ಲಿಷಿನಲ್ಲೇ ಆರಂಭವಾಯಿತು. ಹೆಸರು, ಓದು, ಊರು ಹೇಳಿದ ಮೇಲೆ ತಾಂತ್ರಿಕ ಪ್ರಶ್ನೆ ಬಂದಾಗ ಆಕೆ, "ಸರ್, ಇದನ್ನು ಕನ್ನಡದಲ್ಲಿ ವಿವರಿಸಬಹುದೇ? ತಾಂತ್ರಿಕ ಪದಗಳನ್ನು ಇಂಗ್ಲಿಷಿನಲ್ಲೇ ಹೇಳುತ್ತೇನೆ" ಎಂದು ಕೇಳಿದಳು. ಈ ವಾಕ್ಯವನ್ನು ಇಂಗ್ಲಿಷಿನಲ್ಲಿ ಮೊದಲೇ ಸಿದ್ಧಮಾಡಿಕೊಂಡಿದ್ದಳು. ಸಮಿತಿಯಲ್ಲಿದ್ದ ಫೋರ್‌ಮನ್ ಈ ಸೀಮೆಯವರು, ಒಪ್ಪಿದರು. ಕನ್ನಡ ಬಾರದ ಸದಸ್ಯರಿಗೆ ತಾವೇ ಹಿಂದಿಯಲ್ಲಿ ಹೇಳುತ್ತ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದು, "ಬಾಮ್ಮಾ, ಪ್ಯಾನೆಲ್ ಹತ್ತಿರ ಹೋಗಿ ಮಾತನಾಡೋಣ" ಎಂದರು.

ಪ್ಯಾನೆಲಿನ ಬಾಗಿಲು ತೆರೆದ ಕೂಡಲೇ ಆಕೆ ಮಾಡಿದ ಮೊದಲ ಕೆಲಸ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, "ಇದು ಲೈವ್ ಇದೆಯಾ ಸರ್?" ಎಂದು ಅವರ ಮುಖ ನೋಡಿ ಕೇಳಿದ್ದು. ಫೋರ್‌ಮನ್ ತಕ್ಷಣ ಉತ್ತರ ಕೊಡಲಿಲ್ಲ. ಉತ್ತರ ಬರುವವರೆಗೆ ಆಕೆ ಕೈ ಬಿಚ್ಚಲಿಲ್ಲ. ಎಲ್ಲರ ಸಂದರ್ಶನ ಮುಗಿದ ಮೇಲೆ ಸಮಿತಿಯಲ್ಲಿ ಚರ್ಚೆಯಾದದ್ದು ಈ ಒಂದು ಗಳಿಗೆಯ ಬಗ್ಗೆ ಎಂದು ಆಮೇಲೆ ಫೋರ್‌ಮನ್ನರೇ ಆಕೆಗೆ ತಿಳಿಸಿದರು. ಕೆಲಸ ಸಿಕ್ಕಿತು. ತರಬೇತಿ ಮುಗಿಸಿ ಈಗ ಪಾಳಿಯಲ್ಲಿದ್ದಾಳೆ.

ಇದು ಅಂಗಭಾಷೆಯ ಗೆಲುವು ಎಂದು ಬರೆದುಬಿಟ್ಟರೆ ಓದುಗರಿಗೆ ಸುಳ್ಳು ಹೇಳಿದಂತೆ. ಎರಡನೆಯ ಬಾರಿ ಭಾಷೆ ಬದಲಾಗಿತ್ತು, ಸಮಿತಿಯಲ್ಲಿ ಊರಿನವರಿದ್ದರು, ಎದುರಿಗೆ ಪ್ಯಾನೆಲ್ ಇತ್ತು, ಒಂದು ಸಂದರ್ಶನ ಕಂಡ ಅನುಭವವಿತ್ತು, ಹೊಟ್ಟೆ ತುಂಬಿತ್ತು. ಕುರ್ಚಿಗೆ ಬೆನ್ನು ತಾಗಿಸಿ ಕೂತದ್ದರ ಪಾಲು ಇದರಲ್ಲಿ ಎಷ್ಟು ಎಂದು ಬಿಡಿಸಿ ಹೇಳಲಾಗದು. ನನ್ನ ಅಂದಾಜಿನಲ್ಲಿ ಭಾಷೆಯ ಪಾಲೇ ದೊಡ್ಡದು. ಬಲ್ಲ ಭಾಷೆಗೆ ಬಂದ ಕೂಡಲೇ ಕತ್ತು ತಾನಾಗಿ ಮೇಲೆದ್ದಿತೆಂದು ಆಕೆಯೇ ಹೇಳುತ್ತಾಳೆ. ಹಾಗೆಂದು ಇಂಗ್ಲಿಷ್ ಬೇಡವೆನ್ನುವುದಿಲ್ಲ. ಈಗ ಆಕೆ ಪಾಳಿಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ಬರಹದಿಂದಲೇ ಮಾತಿಗೂ ಬರುತ್ತಿದೆ.

ಮೇಜಿನ ಆಚೆ ಬದಿ

ಅಭ್ಯರ್ಥಿಗಳಿಗೆ ಹೇಳುವ ಮಾತು ನಮ್ಮಲ್ಲಿ ಬೇಕಾದಷ್ಟಿದೆ. ಕೇಳುವವರಿಗೆ ಹೇಳುವವರಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕಕ್ರಮ ಇಟ್ಟು ನಡೆಸುವ ಸಂದರ್ಶನ ಮುಂದಿನ ಕೆಲಸವನ್ನು ಹೆಚ್ಚು ಸರಿಯಾಗಿ ಅಂದಾಜು ಮಾಡುತ್ತದೆ ಎಂಬುದು ದಶಕಗಳ ಸಂಶೋಧನೆಯ ತೀರ್ಮಾನ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನೆಲ್ಲ ಮತ್ತೆ ತೂಗಿ ನೋಡಿದಾಗ ಆಯ್ಕೆಯ ವಿಧಾನಗಳ ಪಟ್ಟಿಯ ಮೇಲ್ತುದಿಗೆ ಬಂದದ್ದು ಇಂಥ ಸಂದರ್ಶನವೇ. ಮನಸ್ಸಿಗೆ ಬಂದದ್ದನ್ನು ಕೇಳುತ್ತ ಹೋಗುವ ಮಾತುಕತೆಯಲ್ಲಿ ನೋಟಕ್ಕೂ ನುಡಿಯ ಠೀವಿಗೂ ಬೇಕಾದಷ್ಟು ಜಾಗ ಸಿಗುತ್ತದೆ, ಮತ್ತು ಆ ಠೀವಿ ಹುಬ್ಬಳ್ಳಿ, ಬೆಂಗಳೂರಿನ ಕಾಲೇಜುಗಳ ಮಕ್ಕಳಿಗೆ ಸುಲಭವಾಗಿ ಒಲಿಯುತ್ತದೆ. ನಮ್ಮ ನೆಲ, ನೀರು, ಗಾಳಿ ಬಳಸಿಕೊಂಡು ನಡೆಯುವ ಕಾರ್ಖಾನೆಗಳು ನಮ್ಮ ಮಕ್ಕಳನ್ನು ನೋಡುವ ಕಣ್ಣನ್ನಾದರೂ ಸರಿಪಡಿಸಿಕೊಳ್ಳಬೇಕು ಎಂದು ಕೇಳುವ ಹಕ್ಕು ನಮಗಿದೆ.

ಮೊದಲ ಕಾರ್ಖಾನೆಯ ಎಂಜಿನಿಯರಿಗೆ ಈ ಮಾತನ್ನು ಹೇಳಿದಾಗ ಅವರು ತಮ್ಮ ಅಂಕಪಟ್ಟಿಯ ನಮೂನೆ ತೋರಿಸಿದರು. "ವ್ಯಕ್ತಿತ್ವ" ಎಂಬ ಒಂದು ಕಾಲಂ ಇತ್ತು, ಅದಕ್ಕೆ ಇಪ್ಪತ್ತು ಅಂಕ. ಯಾವುದಕ್ಕೆ ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ. ಆ ಕಾಲಂ ಜಾಗದಲ್ಲಿ ಏನಿರಬೇಕು ಎಂದು ನಾವಿಬ್ಬರೂ ಕೂತು ಬರೆದೆವು: ಪಾಳಿ ಬದಲಾಗುವಾಗ ಒಂದು ದೋಷದ ವಿವರವನ್ನು ಮುಂದಿನವರಿಗೆ ಅರ್ಥವಾಗುವಂತೆ ಹೇಳುವುದು, ಹತ್ತು ಅಂಕ, ಯಾವ ಭಾಷೆಯಲ್ಲಾದರೂ ಸರಿ. ಸುರಕ್ಷತೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬುದು ಕೊಠಡಿಯ ಆಚೆ ತುದಿಗೆ ಕೇಳಿಸುವುದು, ಐದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನೇರವಾಗಿ ಹೇಳುವುದು, ಐದು. ನೋಟ, ಕೂರುವ ಭಂಗಿ, ಕೈಕುಲುಕುವ ಬಿಗಿ ಇವುಗಳಿಗೆ ಅಂಕ ಇಡಲಿಲ್ಲ. ನಮೂನೆಯನ್ನು ಅವರು ಆಡಳಿತ ಮಂಡಳಿಗೆ ಕಳಿಸಿದ್ದಾರೆ. ಒಪ್ಪಿಗೆ ಇನ್ನೂ ಬಂದಿಲ್ಲ, ಆದರೆ ತಮ್ಮ ವಿಭಾಗದ ಸಂದರ್ಶನಗಳಲ್ಲಿ ಅವರು ಅದನ್ನು ಆಗಲೇ ಬಳಸತೊಡಗಿದ್ದಾರೆ.